ಶೈರ್‌ನಿಂದ ಮೋರ್ಡೋರ್‌ಗೆ: ಓದಿದ್ದು, ಕೇಳಿದ್ದು, ನೋಡಿದ್ದು

ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’, ಶೈರ್ ಎಂಬ ನಾಡಿನ ಫ್ರೋಡೋ ಎಂಬ ಹಾಬಿಟ್ (ಕುಳ್ಳ ಜನಾಂಗದವನು) ಕೇಡಿನ ಉಂಗುರವೊಂದನ್ನು ನಾಶ ಮಾಡಲು ಶತ್ರುವಿನ ನಾಡು ಮೋರ್ಡೋರ್‌ಗೆ ಹೋಗುವ ಕಥೆ. ಈ ಕಥೆಗೆ ಹೊಸಬರು ಯಾವುದರಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು ಕಣ್ಣು ಮುಚ್ಚಿ ‘ಪುಸ್ತಕ’ ಅನ್ನುತ್ತಿದ್ದೆ. ಈಚೆಗೆ ಪುಸ್ತಕ, ಸಿನಿಮಾ, ಬಿಬಿಸಿ ರೇಡಿಯೋ ನಾಟಕ, ಆಡಿಯೋಬುಕ್ ನಾಲ್ಕನ್ನೂ ಒಂದರ ಹಿಂದೆ ಒಂದು ಮುಗಿಸಿದೆ. ಈಗ ಆ ಉತ್ತರ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿಲ್ಲ.

ಮೊದಲು ಸಮಯದ ಲೆಕ್ಕ. ಪೀಟರ್ ಜಾಕ್ಸನ್ 2001ರಿಂದ 2003ರವರೆಗೆ ತಂದ ಮೂರು ಸಿನಿಮಾ ಸೇರಿ 9 ಗಂಟೆ ಚಿಲ್ಲರೆ. ಉದ್ದದ ಆವೃತ್ತಿ ಹಿಡಿದರೆ 11 ಗಂಟೆಗೂ ಜಾಸ್ತಿ. 1981ರ ರೇಡಿಯೋ ನಾಟಕ ಅರ್ಧ ಗಂಟೆಯ 26 ಕಂತು, ಅಂದರೆ 13 ಗಂಟೆ. ರಾಬ್ ಇಂಗ್ಲಿಸ್ ಓದಿದ ಆಡಿಯೋಬುಕ್ 50 ಗಂಟೆ ದಾಟುತ್ತದೆ. ಪುಸ್ತಕ ನಿಮ್ಮ ಓದಿನ ವೇಗಕ್ಕೆ ಬಿಟ್ಟಿದ್ದು. ನನಗೆ ಎರಡು ತಿಂಗಳು ಬೇಕಾಯಿತು.

ಇಷ್ಟು ದೊಡ್ಡ ಕಥೆಗೆ ಕತ್ತರಿ ಹಾಕದೆ ವಿಧಿಯಿಲ್ಲ. ಕತ್ತರಿ ಎಲ್ಲಿ ಬಿತ್ತು ಅನ್ನುವುದೇ ನನ್ನ ಹೋಲಿಕೆ.

ಶುರುವಿನಲ್ಲೇ ನೋಡಿ. ಫ್ರೋಡೋನ ಹಿರಿಯ ನೆಂಟ ಬಿಲ್ಬೋನ ಹುಟ್ಟುಹಬ್ಬ ಮುಗಿದು ಫ್ರೋಡೋ ಮನೆ ಬಿಡುವ ಹೊತ್ತಿಗೆ ಪುಸ್ತಕದಲ್ಲಿ 17 ವರ್ಷ ಕಳೆದಿರುತ್ತದೆ. ಹೊರಡುವಾಗ ಅವನಿಗೆ 50. ತನಗೆ ಕಂಡರಾಗದ ನೆಂಟರಿಗೇ ಮನೆ ಮಾರಿ ಹೊರಡುತ್ತಾನೆ. ಸಿನಿಮಾದಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಹೀಗೆ ಹೋಗಿ ಹಾಗೆ ಬಂದುಬಿಡುತ್ತಾನೆ, ಫ್ರೋಡೋ ಎಳೆ ಹುಡುಗ. ನೋಡಲು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಮನೆ ಕಟ್ಟಿಕೊಂಡು ಕೂತಿದ್ದ ನಡುವಯಸ್ಸಿನವನು ಎದ್ದು ಹೊರಡುವ ಭಾರ ಅಲ್ಲಿ ಸಿಗುವುದಿಲ್ಲ.

ದಾರಿಯಲ್ಲಿ ಸಿಗುವ ಕಾಡಿನ ವಿಚಿತ್ರ ಆಸಾಮಿ ಟಾಮ್ ಬಾಂಬಡಿಲ್‌ನನ್ನು ಸಿನಿಮಾ ಬಿಟ್ಟಿತು, ರೇಡಿಯೋನೂ ಬಿಟ್ಟಿತು. ನಿಜ ಹೇಳಬೇಕೆಂದರೆ ಮೊದಲ ಓದಿನಲ್ಲಿ ನಾನೂ ಆ ಪುಟಗಳನ್ನು ಹಾರಿಸಿದ್ದೆ. ಅದರ ಬೆಲೆ ಗೊತ್ತಾಗಿದ್ದು ತುಂಬಾ ಮುಂದೆ. ಬಾಂಬಡಿಲ್ ಹಾಬಿಟ್‌ಗಳನ್ನು ಹಳೇ ಸಮಾಧಿಯಿಂದ ಬಿಡಿಸಿ, ಅಲ್ಲಿ ಸಿಕ್ಕ ಕತ್ತಿಗಳನ್ನು ಕೊಡುತ್ತಾನೆ. ಶತ್ರುವಿನ ಕಡೆಯ ಮಾಟಗಾರ ರಾಜನ ವಿರುದ್ಧ ಹೋರಾಡಿದವರು ಮಾಡಿಸಿದ ಕತ್ತಿಗಳವು. ಕೊನೆಗೆ ಫ್ರೋಡೋನ ಗೆಳೆಯ ಮೆರ್ರಿ ಅದೇ ರಾಜನ ಮಂಡಿಗೆ ಇರಿಯುವುದು ಅಂಥದೇ ಕತ್ತಿಯಿಂದ. ಅವನ ಮೈ ಕಾಯುತ್ತಿದ್ದ ಮಾಟ ಮುರಿಯುವುದೂ ಅದರಿಂದಲೇ. ಸಿನಿಮಾದಲ್ಲಿ ಆ ಎಳೆಯೇ ಇಲ್ಲ. ಸುಮ್ನೆ ಧೈರ್ಯ ಮಾಡಿ ಇರಿದ ಹಾಗೆ ಕಾಣುತ್ತದೆ.

ದಾರಿಯಲ್ಲಿ ಫ್ರೋಡೋಗೆ ಎದುರಾಗುವ ದಳಪತಿ ಫರಾಮಿರ್ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಎರಡಾಗಿದೆ. ಪುಸ್ತಕದ ಫರಾಮಿರ್, ಉಂಗುರ ದಾರಿಯಲ್ಲಿ ಬಿದ್ದಿದ್ದರೂ ಎತ್ತಿಕೊಳ್ಳುವವನಲ್ಲ. ಸಿನಿಮಾದವನು ಫ್ರೋಡೋನನ್ನು ಹಿಡಿದು ಹಾಳುಬಿದ್ದ ನಗರ ಓಸ್ಗಿಲಿಯಾತ್‌ವರೆಗೆ ಎಳೆದೊಯ್ಯುತ್ತಾನೆ. ಚಿತ್ರಮಂದಿರದ ಆವೃತ್ತಿ ನೋಡಿದಾಗ ಸಿಟ್ಟು ಬಂದಿತ್ತು. ಇಂಥ ಒಳ್ಳೆಯವನನ್ನು ಯಾಕೆ ಕೆಡಿಸಿದರು ಅಂತ. ಉದ್ದದ ಆವೃತ್ತಿಯಲ್ಲಿ ಅಪ್ಪ ಡೆನೆಥರ್ ಅಣ್ಣನನ್ನು ತಬ್ಬಿ, ಇವನನ್ನು ಹೀಗಳೆಯುವ ಒಂದು ಹಳೇ ನೆನಪಿನ ದೃಶ್ಯ ಬರುತ್ತದೆ. ಅದನ್ನು ನೋಡಿದ ಮೇಲೆ ಸಿಟ್ಟು ಅರ್ಧ ಇಳಿಯಿತು. ಅಪ್ಪನ ಒಂದು ಮೆಚ್ಚುಗೆಗೆ ಹಾತೊರೆಯುವ ಮಗ ತಪ್ಪು ಮಾಡುತ್ತಾನೆ, ಅಲ್ವಾ? ಹಾಗಾಗಿ ಸಿನಿಮಾ ನೋಡುವುದಾದರೆ ಉದ್ದದ್ದನ್ನೇ ನೋಡಿ.

ಯುದ್ಧಕ್ಕಂತೂ ಸಿನಿಮಾನೇ ಬೇಕು. ಹೆಲ್ಮ್ಸ್ ಡೀಪ್ ಕೋಟೆಯ ಕಾಳಗ ಪುಸ್ತಕದಲ್ಲಿ ಒಂದೇ ಅಧ್ಯಾಯ, ರೇಡಿಯೋದಲ್ಲಿ ಸಪ್ಪೆ. ಸಿನಿಮಾದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಅಲ್ಲಿಗೆ ಎಲ್ಫ್ (ಸಾವಿಲ್ಲದ ಜನಾಂಗ) ಸೈನ್ಯ ಬರುವುದು ಪುಸ್ತಕದಲ್ಲಿಲ್ಲ, ಆದರೂ ಬಂದಾಗ ಖುಷಿಯಾಯಿತು.

ರೇಡಿಯೋ ಗೆಲ್ಲುವುದು ಮಾತಿನಲ್ಲಿ. ಮುಖ ಕಾಣದ ಕಾರಣ ಪೀಟರ್ ವುಡ್‌ಥಾರ್ಪ್‌ನ ಗೊಲ್ಲಮ್ (ಉಂಗುರದ ಹುಚ್ಚು ಹಿಡಿದ ಜೀವಿ) ಕಿವಿಯ ಪಕ್ಕದಲ್ಲೇ ಕೂತು ಪಿಸುಗುಟ್ಟಿದ ಹಾಗಿರುತ್ತದೆ. ರಾತ್ರಿ ದೀಪ ಆರಿಸಿ ಕೇಳಿದ್ದು ನನ್ನದೇ ತಪ್ಪು. ಇನ್ನೊಂದು ತಮಾಷೆ: ಇಲ್ಲಿ ಫ್ರೋಡೋ ಆಗಿದ್ದ ಇಯಾನ್ ಹೋಮ್, 20 ವರ್ಷದ ಮೇಲೆ ಸಿನಿಮಾದಲ್ಲಿ ಬಿಲ್ಬೋ ಆದರು. ಎರಡನ್ನೂ ಹತ್ತಿರ ಹತ್ತಿರ ಅನುಭವಿಸಿದರೆ, ಉಂಗುರ ಹೊತ್ತವನೇ ಮುದುಕನಾಗಿ ಬಂದು ಕೂತ ಹಾಗೆ ಅನಿಸುತ್ತದೆ.

ಆಡಿಯೋಬುಕ್‌ನ ಲಾಭ ಒಂದೇ, ಆದರೆ ದೊಡ್ಡದು. ಓದುವಾಗ ನಾನು ಹಾಡುಗಳನ್ನು ಹಾರಿಸುತ್ತಿದ್ದೆ. ಇಂಗ್ಲಿಸ್ ಅವನ್ನೆಲ್ಲ ಹಾಡಿಯೇ ತೀರುತ್ತಾರೆ. ಪಾತ್ರೆ ತೊಳೆಯುತ್ತಾ ಒದ್ದೆ ಕೈಯಲ್ಲಿ ಮುಂದೆ ಓಡಿಸಲು ಆಗದೆ ಕೇಳಿದೆ, ಕೇಳಿ ಬದಲಾದೆ. 2021ರಲ್ಲಿ ಆಂಡಿ ಸರ್ಕಿಸ್ ಓದಿದ್ದೂ ಇದೆ. ಸಿನಿಮಾದ ಗೊಲ್ಲಮ್ ಅವರೇ ಆದ್ದರಿಂದ ನನಗೆ ಪದೇ ಪದೇ ಸಿನಿಮಾನೇ ಕಣ್ಣ ಮುಂದೆ ಬರುತ್ತಿತ್ತು.

ಕೊನೆಗೆ, ಮನೆಗೆ ಮರಳುವ ಭಾಗ. ಪುಸ್ತಕದಲ್ಲಿ ಫ್ರೋಡೋ, ಸ್ಯಾಮ್, ಮೆರ್ರಿ, ಪಿಪ್ಪಿನ್ ಈ ನಾಲ್ವರು ಹಾಬಿಟ್‌ಗಳು ವಾಪಸ್ ಬರುವಾಗ ಶೈರ್ ಹಾಳಾಗಿರುತ್ತದೆ. ಮರ ಕಡಿದಿದ್ದಾರೆ, ಅದರ ಹಿಂದಿರುವವನು ಕೆಟ್ಟ ಮಾಂತ್ರಿಕ ಸರುಮಾನ್. ನಾಲ್ವರೂ ತಮ್ಮ ಊರಿಗಾಗಿ ಇನ್ನೊಮ್ಮೆ ಹೋರಾಡಬೇಕು. ಆಮೇಲೆ ಫ್ರೋಡೋನ ತೋಟಗಾರ ಸ್ಯಾಮ್, ಎಲ್ಫ್ ಒಡತಿ ಗಲಾಡ್ರಿಯೆಲ್ ಕೊಟ್ಟ ಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ ಮರಗಳನ್ನು ಮತ್ತೆ ಬೆಳೆಸುತ್ತಾನೆ. ಸಿನಿಮಾ ಇದನ್ನು ಪೂರ್ತಿ ಬಿಟ್ಟಿದೆ. ಮೊದಲ ಭಾಗದಲ್ಲಿ ಗಲಾಡ್ರಿಯೆಲ್‌ಳ ಕನ್ನಡಿಯಲ್ಲಿ ಉರಿಯುವ ಶೈರ್ ತೋರಿಸಿ ಆಮೇಲೆ ಮರೆತೇಬಿಟ್ಟಿತು. ಬದಲಿಗೆ ನಾಲ್ವರೂ ಹೆಂಡದಂಗಡಿಯಲ್ಲಿ ಮಗ್ ಹಿಡಿದು ಸುಮ್ಮನೆ ಕೂರುತ್ತಾರೆ. ಸುತ್ತ ಯಾರಿಗೂ ಏನೂ ಗೊತ್ತಿಲ್ಲ. ಒಳ್ಳೆಯ ದೃಶ್ಯವೇ, ಆದರೆ ಅಲ್ಲಿ ನೋವು ಇವರೊಳಗೆ ಮಾತ್ರ ಇದೆ, ಊರಿಗೆ ಗೀರೂ ಬಿದ್ದಿಲ್ಲ. ರೇಡಿಯೋ 13 ಗಂಟೆಯೊಳಗೂ ಈ ಭಾಗಕ್ಕೆ ಜಾಗ ಮಾಡಿದೆ. ಬಾಂಬಡಿಲ್‌ನನ್ನು ಬಿಟ್ಟ ತಪ್ಪನ್ನು ಅದಕ್ಕೇ ಮನ್ನಿಸಿದೆ.

ಈಗ ಯಾರಾದರೂ ಕೇಳಿದರೆ: ಓದುವ ಅಭ್ಯಾಸ ಇದ್ದವರಿಗೆ ಪುಸ್ತಕ, ಇಲ್ಲದವರಿಗೆ ರೇಡಿಯೋ. ಸಿನಿಮಾ ಕೊನೆಗಿರಲಿ, ಅದರ ಮುಖಗಳು ಒಮ್ಮೆ ಅಂಟಿದರೆ ಬಿಡುವುದಿಲ್ಲ. ನಾನು ಉಲ್ಟಾ ಮಾಡಿದೆ. ನನ್ನ ತಲೆಯೊಳಗಿನ ಸ್ಯಾಮ್ ಈಗಲೂ ಸಿನಿಮಾದ ಶಾನ್ ಆಸ್ಟಿನ್‌ನ ಮುಖ ಹೊತ್ತು, ರೇಡಿಯೋದ ಬಿಲ್ ನೈ ದನಿಯಲ್ಲಿ ಮಾತಾಡುತ್ತಾನೆ.