ಹೊರದೇಶದ ಗಿಡ ತರಿಸಿದ್ದೀರಾ? ಮೊದಲು ಎಲೆ ತಿರುವಿ ನೋಡಿ

ಹೂಗಿಡದ ಹುಚ್ಚಿರುವವರೆಲ್ಲ ದಯವಿಟ್ಟು ಓದಿ. ನನ್ನಿಂದ ಆದ ತಪ್ಪು ನಿಮ್ಮಿಂದ ಆಗುವುದು ಬೇಡ.

ಹೋದ ವರ್ಷ ಎಲೆ ಮೇಲೆ ಬಿಳಿ, ಗುಲಾಬಿ ಮಚ್ಚೆ ಇರುವ ದಾಸವಾಳ ತರಿಸಿದೆ. ಹೊರದೇಶದಿಂದ ಬಂದ ಗಿಡ. ಒಂದು ಎಲೆಯೂ ಬಾಡಿರಲಿಲ್ಲ, ಅಷ್ಟು ಚೆಂದ ಇತ್ತು. ರೆಂಬೆಯ ಕವಲಲ್ಲಿ ಮಾತ್ರ ಎರಡು ಮೂರು ಬಿಳಿ ಚುಕ್ಕೆ. ಮಾರಿದವರನ್ನು ಕೇಳಿದರೆ ಪ್ಯಾಕಿಂಗ್ ಧೂಳು, ಒರೆಸಿಬಿಡಿ ಅಂದರು. ಒರೆಸಿದೆ. ಸೀದಾ ತಂದು ಬೇರೆ ಕುಂಡಗಳ ಮಧ್ಯೆ ಇಟ್ಟೆ.

ಮೂರು ವಾರ ಕಳೆದ ಮೇಲೆ ಇರುವೆ ಸಾಲು ಕುಂಡ ಹತ್ತತೊಡಗಿತು. ಸಿಹಿ ಎಲ್ಲೋ ಬಿದ್ದಿರಬೇಕು ಅಂತ ಸುಮ್ನೆ ಬಿಟ್ಟೆ. ಅಲ್ಲೇ ಎಡವಿದ್ದು. ಆ ಬಿಳಿ ಚುಕ್ಕೆ ಧೂಳಲ್ಲ, ಹಿಟ್ಟು ತಿಗಣೆ (ಮೀಲಿಬಗ್) ಅನ್ನುವ ಹುಳ. ಅದು ಗಿಡದ ರಸ ಹೀರಿ ಸಿಹಿ ಅಂಟು ಸುರಿಸುತ್ತದೆ, ಆ ಅಂಟಿಗೆ ಇರುವೆ ಬರುತ್ತದೆ, ಬಂದ ಇರುವೆ ತಿಗಣೆಯನ್ನು ತಿನ್ನುವ ಹುಳುಗಳನ್ನು ಓಡಿಸಿ ಕಾವಲು ಕಾಯುತ್ತದೆ. ಆಮೇಲೆ ಕೆಳಗಿನ ಎಲೆಗಳ ಮೇಲೆ ಮಸಿ ಬಳಿದ ಹಾಗೆ ಕಪ್ಪು ಬೂಷ್ಟು. ಎಲೆ ತಿರುವಿದರೆ ನರದುದ್ದಕ್ಕೂ ಹತ್ತಿ ಮೆತ್ತಿದ ಹಾಗಿತ್ತು. ಉಗುರಿಂದ ಕೆರೆದು ನೋಡಿದೆ, ಒಳಗೆ ಹಳದಿ ಮೊಟ್ಟೆಗಳು, ಎಣಿಸಲಾಗದಷ್ಟು.

ಗಾಬರಿಯಲ್ಲಿ ಸಿಕ್ಕಿದ ಔಷಧಿ ಹೊಡೆದೆ. ಮೈಮೇಲೆ ಮೇಣದ ಪುಡಿ ಇರುವ ತಿಗಣೆಗೆ ಅದು ತಾಗಲೇ ಇಲ್ಲ. ಸತ್ತಿದ್ದು ಗುಲಗಂಜಿ ಹುಳುಗಳು (ಲೇಡಿಬಗ್). ತಿಗಣೆಯನ್ನು ತಿನ್ನುತ್ತಿದ್ದದ್ದೇ ಅವು!

ಇದಕ್ಕಿಂತ ನೋವಿನ ಮಾತು ಇನ್ನೊಂದಿದೆ. ಚುಕ್ಕೆ ದೊಡ್ಡದಾಗುವ ಮುಂಚೆಯೇ ಗೆಳತಿಯೊಬ್ಬರಿಗೆ ಆ ಗಿಡದ ಎರಡು ಕಡ್ಡಿ ಕೊಟ್ಟಿದ್ದೆ. ಅವರು ಹದಿನೈದು ವರ್ಷದಿಂದ ಸಾಕಿದ ದಾಸವಾಳದ ಚಿಗುರೆಲ್ಲ ಮುರುಟಿ ಗಂಟು ಕಟ್ಟಿತು. ಕೊನೆಗೆ ಇಬ್ಬರೂ ಸೇರಿ ಬುಡಕ್ಕೇ ಕಡಿದೆವು. ಅವರು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿದ್ದು.

ಹುಳ ಎಲ್ಲ ಕಡೆ ಇರುತ್ತೆ ಅಲ್ವಾ, ಇದಕ್ಕೇನು ವಿಶೇಷ ಅಂತ ಕೇಳಬಹುದು. ತನ್ನ ಊರಲ್ಲಿ ಅದನ್ನು ತಿನ್ನುವ ಶತ್ರುಗಳಿರುತ್ತವೆ. ಹೊಸ ಜಾಗಕ್ಕೆ ಹುಳ ಬರುತ್ತದೆ, ಶತ್ರು ಬರುವುದಿಲ್ಲ. 1868ರ ಸುಮಾರಿಗೆ ಆಸ್ಟ್ರೇಲಿಯಾದ ಅಕೇಶಿಯಾ ಗಿಡಗಳ ಜೊತೆ ಒಂದು ಬಿಳಿ ಶಲ್ಕ ಕೀಟ (ತಿಗಣೆಯ ಹಾಗೇ ಗಿಡಕ್ಕೆ ಅಂಟಿ ರಸ ಹೀರುವ ಹುಳ) ಅಮೆರಿಕದ ಕ್ಯಾಲಿಫೋರ್ನಿಯಾ ಸೇರಿತು. ಇಪ್ಪತ್ತೇ ವರ್ಷದಲ್ಲಿ ಅಲ್ಲಿನ ಕಿತ್ತಳೆ ತೋಟಗಳು ಹಾಳಾಗುವ ಹಂತಕ್ಕೆ ಬಂದವು. 1888–89ರಲ್ಲಿ ಆಸ್ಟ್ರೇಲಿಯಾದಿಂದಲೇ ವೆಡಾಲಿಯಾ ಅನ್ನುವ ಗುಲಗಂಜಿ ಹುಳು ತಂದು ಬಿಟ್ಟ ಮೇಲಷ್ಟೇ ಅವು ಉಳಿದವು. ಬೇಲಿಗೆ ಬೆಳೆಸುವ ಬಾಕ್ಸ್‌ವುಡ್ ಅನ್ನುವ ಪೊದೆಗಿಡದ ಎಲೆ ತಿನ್ನುವ ಪೂರ್ವ ಏಷ್ಯಾದ ಬಾಕ್ಸ್‌ವುಡ್ ಪತಂಗದ್ದೂ ಇದೇ ಕತೆ. 2007ರಲ್ಲಿ ಜರ್ಮನಿಯಲ್ಲಿ ಕಂಡಿತು, ಕೆಲವೇ ವರ್ಷಗಳಲ್ಲಿ ಯುರೋಪಿನ ಎಷ್ಟೋ ತೋಟಗಳ ಬಾಕ್ಸ್‌ವುಡ್ ಬೇಲಿ ಬೋಳಾಯಿತು.

ಸಸ್ಯ ಆರೋಗ್ಯ ಪ್ರಮಾಣಪತ್ರ (ಗಿಡದಲ್ಲಿ ಹುಳ, ರೋಗ ಇಲ್ಲ ಅಂತ ತಪಾಸಣೆ ಮಾಡಿ ಕೊಡುವ ಪತ್ರ) ಇಲ್ಲದ ಹೊರದೇಶದ ಗಿಡ ಬೇಡವೇ ಬೇಡ. ಪತ್ರ ಇದ್ದರೂ ಪೂರ್ತಿ ನಂಬಿ ಕೂರಬೇಡಿ, ಬೇರಿನ ಸಂದಿಯ ಮೊಟ್ಟೆ ತಪಾಸಣೆಯಲ್ಲೂ ತಪ್ಪಿಹೋಗಬಹುದು. ಹೊಸ ಗಿಡವನ್ನು ಕಡಿಮೆ ಅಂದ್ರೂ ಒಂದು ತಿಂಗಳು ಉಳಿದವುಗಳಿಂದ ದೂರ ಇಡಿ. ಕುಂಡದಿಂದ ಹೊರಗೆಳೆದು ಬೇರು ನೋಡಿ. ಆ ತಿಂಗಳು ಮುಗಿಯುವವರೆಗೆ ಯಾರಿಗೂ ಕಡ್ಡಿ ಕೊಡಬೇಡಿ, ಎಷ್ಟೇ ಕೇಳಲಿ. ಹುಳ ಕಂಡರೆ, ಒಂದೆರಡು ಇದ್ದಾಗಲೇ ಸ್ಪಿರಿಟ್ಟಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಕಡಿದ ಭಾಗವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಸುಡುಬಿಸಿಲಲ್ಲಿ ಇಟ್ಟು ಆಮೇಲೆ ಎಸೆಯಿರಿ. ನಿಮ್ಮ ಕಡೆ ಹಿಂದೆ ಯಾವತ್ತೂ ನೋಡಿರದ ಹುಳ ಅನ್ನಿಸಿದರೆ ಫೋಟೋ ತೆಗೆದು ಕೃಷಿ ಅಥವಾ ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ.

ಇತ್ತೀಚೆಗೆ ಇಂಥ ಗಿಡ ತರಿಸಿದ್ದರೆ ಈಗಲೇ ಎದ್ದು ಹೋಗಿ ಎಲೆ ತಿರುವಿ ನೋಡಿ. ಕುಂಡದ ತಳದ ತೂತನ್ನೂ ನೋಡಿ, ನನ್ನ ಗಿಡದಲ್ಲಿ ಅಲ್ಲೂ ಗೂಡು ಕಟ್ಟಿದ್ದವು.