17,699 ರೂಪಾಯಿಯ ಡಿಎಸ್‌ಎಲ್‌ಆರ್ ವಿಡಿಯೋ ಕೋರ್ಸ್: ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಕಳೆದ ಫೆಬ್ರವರಿಯಲ್ಲಿ ನಮ್ಮ ಸಿದ್ದಾಪುರ ತಾಲ್ಲೂಕಿನ ಒಂದು ಊರಲ್ಲಿ ಆಟ ಇತ್ತು. ಆಟ ಅಂದರೆ ನಮ್ಮ ಕಡೆ ಯಕ್ಷಗಾನ. ನಾನು ಚಿಕ್ಕಂದಿನಿಂದ ನೋಡಿಕೊಂಡು ಬಂದ ಹಿರಿಯ ಕಲಾವಿದರೊಬ್ಬರು ಅವತ್ತು ಕೊನೆಯ ಸಲ ಕೌರವನ ವೇಷ ಹಾಕುವವರಿದ್ದರು. ಮೊಣಕಾಲು ಕೇಳುತ್ತಿಲ್ಲ, ಇನ್ನು ಸಾಕು ಎಂದು ಅವರೇ ಹೇಳಿದ್ದರು. ಆ ವೇಷವನ್ನು ಸರಿಯಾಗಿ ವಿಡಿಯೋ ಮಾಡಿ ಇಡಬೇಕು ಅಂತ ನನಗೆ ತುಂಬ ಆಸೆ ಇತ್ತು.

ನನ್ನ ಹತ್ತಿರ ಇದ್ದದ್ದು ಕ್ಯಾನನ್ 1500ಡಿ ಎಂಬ ಡಿಎಸ್‌ಎಲ್‌ಆರ್ ಕ್ಯಾಮೆರಾ. ಫೋಟೋ ತೆಗೆದು ರೂಢಿ ಇತ್ತು, ವಿಡಿಯೋ ಗೊತ್ತಿರಲಿಲ್ಲ. ಅದಕ್ಕೇ ನವೆಂಬರಿನಲ್ಲೇ ದುಡ್ಡು ಕಟ್ಟಿ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದೆ. ಮೂರು ತಿಂಗಳು ದಿನಾ ರಾತ್ರಿ ಕೂತು ನೋಡಿದೆ, ನೋಟ್ಸ್ ಬರೆದುಕೊಂಡೆ. ಅವರು ಹೇಳಿದ ಹಾಗೆಯೇ ಕ್ಯಾಮೆರಾ ಸೆಟ್ ಮಾಡಿಕೊಂಡು ಆಟಕ್ಕೆ ಹೋದೆ.

ಮಾರನೆಯ ದಿನ ಮಧ್ಯಾಹ್ನ ಮನೆಯ ಟಿವಿಗೆ ಹಾಕಿದೆ. ದೊಡ್ಡಪ್ಪನೂ ಪಕ್ಕದಲ್ಲಿ ಕೂತಿದ್ದರು. ಎರಡು ನಿಮಿಷ ಸುಮ್ಮನೆ ನೋಡಿ ಕೇಳಿದರು: "ತಮಾ, ಈ ಕಪ್ಪು ಪಟ್ಟಿ ಎಂತದಾ?"

ಇಡೀ ವಿಡಿಯೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಓಡುತ್ತಿದ್ದವು. ವೇಷದ ಮುಖದ ಮೇಲೆ, ಕಿರೀಟದ ಮೇಲೆ, ಭಾಗವತರ ಮೇಲೆ. ಒಂದು ನಿಮಿಷವೂ ಚೊಕ್ಕ ಇರಲಿಲ್ಲ. ಅದು ಎಡಿಟಿಂಗಿನಲ್ಲಿ ಪೂರ್ತಿ ಹೋಗುವಂಥದ್ದಲ್ಲ ಅಂತ ಆಮೇಲೆ ಗೊತ್ತಾಯಿತು.

ಕಾರಣ ಹೇಳುತ್ತೇನೆ, ಯಾಕೆಂದರೆ ಇದೊಂದು ಗೊತ್ತಿದ್ದರೂ ನಿಮಗೆ ಉಪಕಾರ ಆಗುತ್ತದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಫೋಕಸ್ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಶಟರ್, ಅಂದರೆ ವಿಡಿಯೋದ ಒಂದೊಂದು ಚಿತ್ರಕ್ಕೆ (ಫ್ರೇಮಿಗೆ) ಬೆಳಕು ಬಿಡುವ ಹೊತ್ತು, ಸೆಕೆಂಡಿನ 1/50 ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಗುತ್ತದೆ, ಬೆಳಕು ಸಮ ಬರುತ್ತದೆ. 1/100 ಇಟ್ಟರೂ ನಡೆಯುತ್ತದೆ. 1/60 ಇಟ್ಟರೆ ಲೆಕ್ಕ ತಪ್ಪುತ್ತದೆ. ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಚಿತ್ರವನ್ನು ಮೇಲಿಂದ ಕೆಳಗೆ ಸಾಲುಸಾಲಾಗಿ ಓದುವುದರಿಂದ ಆ ತಪ್ಪು ಪಟ್ಟಿಯಾಗಿ ಬೀಳುತ್ತದೆ. ಕೋರ್ಸಿನಲ್ಲಿ ಹೇಳಿಕೊಟ್ಟದ್ದು ಮೆನುವಿನಲ್ಲಿ ಎನ್‌ಟಿಎಸ್‌ಸಿ (ಅಮೆರಿಕದ ಕಡೆಯ ವಿಡಿಯೋ ಪದ್ಧತಿ), ಸೆಕೆಂಡಿಗೆ 30 ಫ್ರೇಮ್, ಶಟರ್ 1/60. ಅಮೆರಿಕದಲ್ಲಿ ಅದು ಸರಿ, ಅಲ್ಲಿ ಕರೆಂಟು 60 ಹರ್ಟ್ಸ್. ನಮ್ಮಲ್ಲಿ ಪಿಎಎಲ್ ಪದ್ಧತಿ, 25 ಫ್ರೇಮ್, 1/50 ಇಡಬೇಕಿತ್ತು. ಅಷ್ಟೇ ವಿಷಯ. ಒಂದು ಸಾಲಿನಲ್ಲಿ ಮುಗಿಯುವ ಮಾತು. ಅಷ್ಟು ಗಂಟೆಗಳ ಪಾಠದಲ್ಲಿ ಆ ಒಂದು ಸಾಲು ಇರಲಿಲ್ಲ.

ಪಟ್ಟಿ ಒಂದೇ ಆಗಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಧ್ವನಿಯೂ ಹೋಗಿತ್ತು. ಕ್ಯಾಮೆರಾದ ಧ್ವನಿಯ ಸೆಟ್ಟಿಂಗ್ ಆಟೋದಲ್ಲಿತ್ತು. ಚೆಂಡೆ ಬಡಿದ ಕೂಡಲೇ ಅದು ಧ್ವನಿಯನ್ನು ತಾನೇ ತಗ್ಗಿಸಿತು, ಭಾಗವತರ ಪದ್ಯ ಮುಳುಗಿತು. ಚೆಂಡೆ ನಿಂತ ಮೇಲೆ ನಿಧಾನಕ್ಕೆ ಏರಿಸಿತು, ಜನರೇಟರಿನ ಸದ್ದು ಎದ್ದು ಬಂತು. ಮತ್ತೆ ಚೆಂಡೆ, ಮತ್ತೆ ಅದೇ. ಮೆನುವಿನಲ್ಲೇ ಆಟೋ ತೆಗೆದು ನಾವೇ ಮಟ್ಟ ಇಡುವ ಅವಕಾಶ ಇತ್ತಂತೆ. ಕೋರ್ಸಿನಲ್ಲಿ ಧ್ವನಿಗೆ ಇದ್ದದ್ದು ಆರು ನಿಮಿಷದ ಒಂದೇ ಪಾಠ. ಅದರಲ್ಲಿ ಒಬ್ಬರು ಸದ್ದಿಲ್ಲದ ಕೋಣೆಯಲ್ಲಿ ಕೂತು ಕಾಲರಿಗೆ ಮೈಕ್ ಸಿಕ್ಕಿಸಿಕೊಂಡು ಮಾತಾಡುತ್ತಾರೆ. "ಮೈಕನ್ನು ಕ್ಯಾಮೆರಾದ ಪಕ್ಕದ ತೂತಿಗೆ ಚುಚ್ಚಿ" ಅನ್ನುತ್ತಾರೆ. 1500ಡಿಯಲ್ಲಿ ಹೊರಗಿನ ಮೈಕ್ ಚುಚ್ಚಲು ಜಾಗವೇ ಇಲ್ಲ! ಡಿಸೆಂಬರಿನಲ್ಲೇ ಇದನ್ನು ಅವರ ಗುಂಪಿನಲ್ಲಿ ಕೇಳಿದ್ದೆ. ಎರಡು ದಿನ ಬಿಟ್ಟು ಉತ್ತರ ಬಂತು: ಬೇರೆ ಕ್ಯಾಮೆರಾ ತೆಗೆದುಕೊಳ್ಳಿ, ಲಿಂಕ್ ಇಲ್ಲಿದೆ.

ಮೂರನೆಯದು ಇನ್ನೂ ನೋವಿನದ್ದು. ಕೌರವ ಪದ್ಯಕ್ಕೆ ಅಭಿನಯ ಮಾಡುತ್ತಿರುವಾಗ ಕ್ಯಾಮೆರಾ ತಾನಾಗಿ ನಿಂತಿತ್ತು. ನಾನು ರಂಗಸ್ಥಳವನ್ನೇ ನೋಡುತ್ತಿದ್ದೆ, ಸ್ಕ್ರೀನ್ ನೋಡಲಿಲ್ಲ. ಗೊತ್ತಾಗುವಷ್ಟರಲ್ಲಿ ಐದಾರು ನಿಮಿಷ ಹೋಗಿತ್ತು. ಈ ಕ್ಯಾಮೆರಾ ಒಂದು ಸಲಕ್ಕೆ 29 ನಿಮಿಷ 59 ಸೆಕೆಂಡಿಗಿಂತ ಜಾಸ್ತಿ ರೆಕಾರ್ಡ್ ಮಾಡುವುದಿಲ್ಲ. ಬಹಳ ಡಿಎಸ್‌ಎಲ್‌ಆರ್‌ಗಳು ಹೀಗೇ. 30 ನಿಮಿಷ ದಾಟಿ ರೆಕಾರ್ಡ್ ಮಾಡುವುದನ್ನು ಯುರೋಪಿನಲ್ಲಿ ವಿಡಿಯೋ ಕ್ಯಾಮೆರಾ ಎಂದು ಎಣಿಸಿ ಜಾಸ್ತಿ ಸುಂಕ ಹಾಕುತ್ತಿದ್ದರು, ಆ ಕಾರಣಕ್ಕೆ ಕಂಪನಿಗಳು ಈ ಮಿತಿ ಇಟ್ಟವು. ರಾತ್ರಿಯಿಡೀ ನಡೆಯುವ ಆಟ ಹಿಡಿಯುವವನಿಗೆ ಇದು ಮೊದಲ ದಿನವೇ ಗೊತ್ತಿರಬೇಕಾದ ಸಂಗತಿ. ಕ್ಯಾಮೆರಾದ ಜೊತೆ ಬರುವ ಕೈಪಿಡಿಯಲ್ಲಿ ಇದು ಇದೆ. ಪಿಎಎಲ್, ಎನ್‌ಟಿಎಸ್‌ಸಿ ವಿಷಯವೂ ಅಲ್ಲೇ ಇದೆ. ಕೋರ್ಸ್ ಇದೆಯಲ್ಲ ಎಂಬ ಧೈರ್ಯದಲ್ಲಿ ನಾನು ಆ ಕೈಪಿಡಿ ತೆರೆದೇ ಇರಲಿಲ್ಲ.

ಈಗ ಆ ಕೋರ್ಸ್ ನನಗೆ ಹೇಗೆ ಮಾರಿದರು ಅಂತ ಹೇಳುತ್ತೇನೆ. ಹೆಸರು ಬರೆಯುವುದಿಲ್ಲ, ಇದೇ ದಾರಿಯಲ್ಲಿ ಮಾರುವವರು ಬೇಕಾದಷ್ಟು ಜನ ಇದ್ದಾರೆ.

ಮೊದಲು ಫೋನಿನಲ್ಲಿ ಕನ್ನಡದ ಜಾಹೀರಾತು. ನಿಮ್ಮ ಕ್ಯಾಮೆರಾದಲ್ಲೇ ಸಿನಿಮಾ ಮಾಡಿ, 99 ರೂಪಾಯಿಗೆ ಭಾನುವಾರ ಲೈವ್ ಕ್ಲಾಸ್. 99 ತಾನೇ ಅಂತ ಸೇರಿದೆ. ಎರಡೂವರೆ ಗಂಟೆಯ ಆ ಕ್ಲಾಸಿನಲ್ಲಿ ಕಲಿಸಿದ್ದು ಅರ್ಧ ಗಂಟೆಯೂ ಇಲ್ಲ. ಉಳಿದದ್ದು ಯಾರು ಎಷ್ಟು ಸಂಪಾದಿಸಿದರು ಅನ್ನುವ ಮಾತು. ಕೊನೆಗೆ ಪೂರ್ತಿ ಕೋರ್ಸಿನ ಬೆಲೆ ಬಂತು. 49,999 ಎಂದು ಬರೆದು ಅದನ್ನು ಹೊಡೆದು ಹಾಕಿ, ಇವತ್ತು ಮಾತ್ರ 14,999. ಪಕ್ಕದಲ್ಲಿ ಕೆಂಪು ಗಡಿಯಾರ ಇಳಿಯುತ್ತಿತ್ತು. ರಾತ್ರಿ ಒಂಬತ್ತಕ್ಕೆ ಒಬ್ಬ ಹುಡುಗ ಫೋನ್ ಮಾಡಿದ. "ಸರ್, ನಿಮ್ಮ ಸೀಟ್ ಹಿಡಿದು ಇಟ್ಟಿದ್ದೀನಿ, ಹನ್ನೆರಡಕ್ಕೆ ಕ್ಲೋಸ್ ಆಗುತ್ತೆ ಸರ್" ಅಂದ. 1500ಡಿಗೆ ಆಗುತ್ತದಾ ಎಂದು ಕೇಳಿದೆ. "ಯಾವ ಕ್ಯಾಮೆರಾಕ್ಕಾದರೂ ಆಗುತ್ತೆ ಸರ್" ಅಂದ. 18% ಜಿಎಸ್‌ಟಿ ಸೇರಿ 17,699 ರೂಪಾಯಿ ಆಗುತ್ತದೆ ಅಂತ ಗೊತ್ತಾಗಿದ್ದು ದುಡ್ಡು ಕಟ್ಟುವ ಪುಟದಲ್ಲಿ. ಅಷ್ಟರಲ್ಲಿ ಮನಸ್ಸು ಮಾಡಿ ಆಗಿತ್ತು. ಯುಪಿಐ ಪಿನ್ ಒತ್ತಿದೆ. ಅಡಿಕೆ ಸುಲಿದ ಕೂಲಿ ಕೊಡಲು ಇಟ್ಟಿದ್ದ ದುಡ್ಡು ಅದು.

ಅದೇ ಆಫರ್ ಮುಂದಿನ ಭಾನುವಾರವೂ ಇತ್ತು. ಈಗಲೂ ಇದೆ.

40 ಗಂಟೆ ಎಂದು ಹೇಳಿದ್ದ ಪಾಠ ನಾನು ಕೂಡಿಸಿ ನೋಡಿದರೆ ಹನ್ನೊಂದು ಗಂಟೆ ಚಿಲ್ಲರೆ. ಪಾಠಗಳಲ್ಲಿ ತೋರಿಸಿದ ಕ್ಯಾಮೆರಾ ಕ್ಯಾನನ್ 5ಡಿ ಮಾರ್ಕ್ 2. 2008ರಲ್ಲಿ ಬಂದ ಆ ಕ್ಯಾಮೆರಾದಿಂದಲೇ ಡಿಎಸ್‌ಎಲ್‌ಆರ್‌ನಲ್ಲಿ ಸಿನಿಮಾ ಮಾಡುವ ಅಲೆ ಎದ್ದದ್ದು, ಅದರ ಬಗ್ಗೆ ನನಗೂ ಗೌರವ ಇದೆ. ಆದರೆ ಅದು ಮೊದಲು ಬಂದಾಗ ಅದರಲ್ಲಿ 30 ಫ್ರೇಮ್ ಮಾತ್ರ ಇತ್ತು. 24, 25 ಫ್ರೇಮ್ ಬಂದದ್ದು 2010ರಲ್ಲಿ ಕ್ಯಾನನ್ ಕೊಟ್ಟ ಹೊಸ ಫರ್ಮ್‌ವೇರ್‌ನಿಂದ, ಅಂದರೆ ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್‌ನಿಂದ. ಪಾಠದಲ್ಲಿ ಕಾಣುವ ಮೆನುವಿನಲ್ಲಿ ಅವೆರಡೂ ಇಲ್ಲವೇ ಇಲ್ಲ. ಅಂದರೆ ಆ ಪಾಠಗಳು ಆ ಫರ್ಮ್‌ವೇರ್ ಬರುವ ಮುಂಚಿನವು. ಮೇಲೆ ಹೊಸ ಧ್ವನಿ ಹಚ್ಚಿ, ಮುಂದೆ ಹೊಸ ಮುಖ ಇಟ್ಟು ಮಾರಿದ್ದಾರೆ. ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ಎಡಿಟಿಂಗಿನ ಎರಡು ಪಾಠ ಚೆನ್ನಾಗಿದ್ದವು, ಅದನ್ನು ಹೇಳದೆ ಇರುವುದು ಸರಿಯಲ್ಲ.

ದುಡ್ಡು ವಾಪಸ್ ಕೇಳಿದೆ. ಏಳು ದಿನದೊಳಗೆ ಕೇಳಬೇಕಿತ್ತಂತೆ. ಆದರೆ ಪಾಠಗಳು ವಾರಕ್ಕೆ ಒಂದು ಭಾಗದಂತೆ ತೆರೆಯುತ್ತಿದ್ದವು. ಮೊದಲ ಏಳು ದಿನದಲ್ಲಿ ಕಾಣುವುದು ಸ್ವಾಗತ, ಗುರಿ, ಕ್ಯಾಮೆರಾ ಹಿಡಿಯುವ ಬಗೆ, ಇಷ್ಟೇ. ಒಳಗೆ ಏನಿದೆ ಅಂತ ಗೊತ್ತಾಗುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ದಯವಿಟ್ಟು ಇದೊಂದನ್ನು ದುಡ್ಡು ಕಟ್ಟುವ ಮುಂಚೆ ಬರವಣಿಗೆಯಲ್ಲಿ ಕೇಳಿಕೊಳ್ಳಿ: ವಾಪಸ್ ಕೇಳುವ ಗಡುವಿನೊಳಗೆ ಎಲ್ಲ ಪಾಠ ತೆರೆದಿರುತ್ತದಾ? ಇಲ್ಲ ಅಂದರೆ ಆ ಗ್ಯಾರಂಟಿಗೆ ಅರ್ಥವೇ ಇಲ್ಲ. ಕಂತಿನಲ್ಲಿ ಕೊಡಿ ಅಂತಲೂ ಕೇಳುತ್ತಾರೆ. ಅದು ಬಹಳ ಸಲ ನಿಮ್ಮ ಹೆಸರಿನಲ್ಲಿ ತೆಗೆದ ಸಾಲವೇ ಆಗಿರುತ್ತದೆ, ಕೋರ್ಸ್ ಬಿಟ್ಟರೂ ಕಂತು ಬಿಡುವುದಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಕಂಪನಿಯಿಂದ ಬಂದದ್ದು ಅದೇ ಏಳು ದಿನದ ಉತ್ತರ. ಇನ್ನು ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವರ ಊರಿಗೆ ಹೋಗಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ಆನ್‌ಲೈನಿನಲ್ಲೂ ಆಗುತ್ತದೆ. ಬೇಕಾದರೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಬರಲು ನಾನು ತಯಾರಿದ್ದೇನೆ, ಕಾಗದಪತ್ರ ಜೋಡಿಸುತ್ತಿದ್ದೇನೆ. ಕಷ್ಟ ಆಗಿರುವುದು ಒಂದೇ ವಿಷಯಕ್ಕೆ. 40 ಗಂಟೆ ಎಂದು ಹೇಳಿದ ಆ ಜಾಹೀರಾತನ್ನು ನಾನು ಉಳಿಸಿಕೊಂಡಿಲ್ಲ. ಬಿಲ್ ಇದೆ, ಆ ಹುಡುಗನ ವಾಟ್ಸಾಪ್ ಮೆಸೇಜುಗಳಿವೆ. ನೀವು ಯಾವ ಕೋರ್ಸ್ ಕೊಂಡರೂ ಜಾಹೀರಾತಿನ ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಡಿ.

ಹಾಗಾದರೆ ದುಡ್ಡು ಕೊಟ್ಟು ಕಲಿಯುವುದೇ ತಪ್ಪಾ? ನಾನು ಹಾಗೆ ಹೇಳುವುದಿಲ್ಲ. ಮಾರ್ಚಿನಲ್ಲಿ ಶಿರಸಿಯ ಮದುವೆ ವಿಡಿಯೋ ಮಾಡುವ ಒಬ್ಬರ ಹತ್ತಿರ ಹೋದೆ. ಹಾಳಾದ ವಿಡಿಯೋ ತೋರಿಸಿದೆ. ಹತ್ತು ಸೆಕೆಂಡ್ ನೋಡಿ, "ಅರವತ್ತರಲ್ಲಿ ಇಟ್ಟಿದ್ಯಲ್ಲ ಮಾರಾಯ, ಐವತ್ತರಲ್ಲಿ ಇಡು" ಅಂದರು. ಆಮೇಲೆ ಎರಡು ದಿನ ಅವರ ಜೊತೆ ಇದ್ದು ಕಲಿತೆ, 3,000 ರೂಪಾಯಿ ಕೊಟ್ಟೆ. ನನ್ನ ಕ್ಯಾಮೆರಾ, ನಮ್ಮ ಕಲ್ಯಾಣ ಮಂಟಪದ ಲೈಟು, ನಾನು ತೆಗೆದ ವಿಡಿಯೋ, ಅದರ ಮೇಲೆ ಅವರ ಮಾತು. ಧ್ವನಿಗೆ ಬೇರೆಯೇ ರೆಕಾರ್ಡರ್ ಅಥವಾ ಒಂದು ಹಳೆಯ ಫೋನನ್ನು ಭಾಗವತರ ಹತ್ತಿರ ಇಡು, ಚೆಂಡೆಯ ಮೊದಲ ಪೆಟ್ಟನ್ನೇ ಗುರುತು ಮಾಡಿಕೊಂಡು ಎಡಿಟಿಂಗಿನಲ್ಲಿ ಚಿತ್ರಕ್ಕೆ ಹೊಂದಿಸು ಎಂದು ಹೇಳಿಕೊಟ್ಟವರು ಅವರೇ. ನಾವು ತೆಗೆದದ್ದನ್ನು ನೋಡಿ ತಿದ್ದುವವರಿಗೆ ಧಾರಾಳವಾಗಿ ದುಡ್ಡು ಕೊಡಿ. ಬರೀ ವಿಡಿಯೋ ನೋಡುವುದಕ್ಕೆ ನಾನಂತೂ ಇನ್ನು ಕೊಡುವುದಿಲ್ಲ. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದನ್ನು ಮಾಡಿದ ಕಂಪನಿಯೇ ಪಾಠದ ಪುಸ್ತಕಗಳನ್ನೂ ಅಭ್ಯಾಸದ ವಿಡಿಯೋಗಳನ್ನೂ ಉಚಿತವಾಗಿ ಕೊಟ್ಟಿದೆ. ಇಂಗ್ಲಿಷಿನಲ್ಲಿವೆ, ಆದರೂ ಹೆಜ್ಜೆಹೆಜ್ಜೆಯಾಗಿ ಇರುವುದರಿಂದ ನನಗೆ ಅರ್ಥವಾದವು.

ದುಡ್ಡು ಕಟ್ಟಲೇಬೇಕು ಅನ್ನಿಸಿದರೆ ಮಾರುವವರಿಗೆ ಎರಡು ಪ್ರಶ್ನೆ ಕೇಳಿ. ಟ್ಯೂಬ್‌ಲೈಟಿನ ಕೆಳಗೆ ಶಟರ್ ಎಷ್ಟು ಇಡಬೇಕು? ನನ್ನ ಕ್ಯಾಮೆರಾದಲ್ಲಿ ಮೈಕ್ ಎಲ್ಲಿ ಚುಚ್ಚಬೇಕು? ಉತ್ತರ ಹೇಳದೆ ಆಫರ್ ಮುಗಿಯುತ್ತದೆ ಅಂದರೆ ಫೋನ್ ಇಟ್ಟುಬಿಡಿ.

ಕೊನೆಯದಾಗಿ ಒಂದು ಕೋರಿಕೆ. ಆ ರಾತ್ರಿ ರಂಗಸ್ಥಳದ ಎಡಗಡೆ ಮುಂದಿನ ಸಾಲಿನಲ್ಲಿ ಮೂರು ನಾಲ್ಕು ಜನ ಮೊಬೈಲ್ ಹಿಡಿದಿದ್ದರು. ನಿಮ್ಮಲ್ಲಿ ಯಾರಾದರೂ ಅವರಾಗಿದ್ದರೆ, ಕೌರವನ ಪ್ರವೇಶದಿಂದ ಮುಂದಿನ ಅರ್ಧ ಗಂಟೆ ನಿಮ್ಮ ಫೋನಿನಲ್ಲಿ ಇದೆಯಾ ನೋಡಿ. ಅಳಿಸಬೇಡಿ. ಧ್ವನಿ ಮಾತ್ರ ಇದ್ದರೂ ಸಾಕು, ನಾನೇ ನಿಮ್ಮ ಮನೆಗೆ ಬಂದು ಪ್ರತಿ ಮಾಡಿಕೊಂಡು ಹೋಗುತ್ತೇನೆ.