ನಾಲ್ಕು ಯೂರೋ ಉಳಿಸಲು ಹೋಗಿ ರೋಮಿನಿಂದ ಧಾರವಾಡಕ್ಕೆ ತಗಣಿ ತಂದೆ

ಮೇ ತಿಂಗಳಲ್ಲಿ ಯುರೋಪಿಗೆ ಹೊರಟಿರುವ ನಮ್ಮ ಕಾಕಾನ ಮಗ ನಿನ್ನೆ ಫೋನ್ ಮಾಡಿ, "ಅಕ್ಕಾ, ರೋಮಿನ್ಯಾಗ ನೀ ಇಳಿದಿದ್ದ ಹಾಸ್ಟೆಲ್ ಲಿಂಕ್ ಕಳಸು, ಭಾಳ ಸೋವಿ ಇತ್ತಂತಲ್ಲ" ಅಂದ. ಸೋವಿ ಏನೋ ಇತ್ತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಹೊರಡುವ ನಮ್ಮ ಕಡೆಯ ಹುಡುಗ ಹುಡುಗಿಯರು ನಾನು ಎಡವಿದಲ್ಲೇ ಎಡವುವ ಸಂಭವ ಬಹಳ.

ಎಡವಿದ್ದು ರೋಮಿನಲ್ಲಲ್ಲ, ಧಾರವಾಡದ ಮನೆಯಲ್ಲೇ, ವೀಸಾ ಕಾಗದ ಜೋಡಿಸುವಾಗ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗೆನ್ ವೀಸಾಕ್ಕೆ 30,000 ಯೂರೋ ಮೊತ್ತದ ವಿಮೆಯ ಜೊತೆಗೆ ಅಲ್ಲಿ ಎಲ್ಲೆಲ್ಲಿ ಉಳಿಯುತ್ತೀರಿ ಎಂಬ ಬುಕಿಂಗನ್ನೂ ತೋರಿಸಬೇಕು. ಹಾಗಾಗಿ ಮೂರು ತಿಂಗಳು ಮೊದಲೇ ಹಾಸ್ಟೆಲಿನ ಹಂಚಿಕೊಳ್ಳುವ ಕೋಣೆಯಲ್ಲಿ ಒಂದು ಹಾಸಿಗೆ ಬುಕ್ ಮಾಡಿದೆ. ಒಂದೇ ಹಾಸಿಗೆಗೆ ಎರಡು ದರ ಇದ್ದವು. ರದ್ದು ಮಾಡಿದರೆ ದುಡ್ಡು ವಾಪಸ್ ಬರುವುದಕ್ಕೆ ರಾತ್ರಿಗೆ 38 ಯೂರೋ, ವಾಪಸ್ ಬಾರದ್ದಕ್ಕೆ 34. ನಾನು ಜಾಣೆ, 34ರದ್ದು ಒತ್ತಿದೆ. ನಾಲ್ಕು ರಾತ್ರಿಗೆ 16 ಯೂರೋ ಉಳಿಯಿತು. 136 ಯೂರೋ ಸಿಕ್ಕಿಬಿತ್ತು.

ರೇಟಿಂಗ್ ಹತ್ತಕ್ಕೆ 8.6 ಇತ್ತು. ಆ ಅಂಕೆ ವರ್ಷಗಟ್ಟಲೆ ಬಂದ ಅಂಕಗಳ ಸರಾಸರಿ ಎಂಬುದು ಆಗ ತಲೆಗೆ ಹೋಗಲಿಲ್ಲ. ಮೇಲೆ ಕಾಣುತ್ತಿದ್ದ ಹೊಗಳಿಕೆ ಓದಿ ಅಷ್ಟಕ್ಕೇ ಬಿಟ್ಟೆ. "ಇತ್ತೀಚಿನವು ಮೊದಲು" ಎಂದು ಜೋಡಿಸಿ ನೋಡಿದ್ದು ತಗಣಿ (ತಿಗಣೆ) ಕಡಿಸಿಕೊಂಡ ಮೇಲೆ. ಕಳೆದ ಎರಡು ತಿಂಗಳಲ್ಲಿ ಮೂವರು ಬೇರೆ ಬೇರೆ ದೇಶದವರು ಒಂದೇ ಮಾತು ಬರೆದಿದ್ದರು: ತಗಣಿ. ಬುಕ್ ಮಾಡಿದ ದಿನ ಅವು ಇರಲಿಲ್ಲ ನಿಜ, ಆದರೆ ಹೊರಡುವ ವಾರದಲ್ಲಿ ಇದ್ದವಲ್ಲ!

ಹಾಸ್ಟೆಲ್ ಅಂದರೆ ನಮ್ಮವ್ವನ ಕಣ್ಣಿಗೆ ಬರುವುದು ನಮ್ಮ ಧಾರವಾಡದ ಸಪ್ತಾಪುರದ ಪಿ.ಜಿ.ಗಳು: ಗೇಟು, ವಾರ್ಡನ್ನು, ರಾತ್ರಿ ಊಟ. ಇದು ರೋಮಿನ ದೊಡ್ಡ ರೈಲು ನಿಲ್ದಾಣ ಟೆರ್ಮಿನಿಯ ಹತ್ತಿರದ ಹಳೇ ಕಟ್ಟಡದ ಮೂರನೇ ಮಹಡಿಯ ಒಂದು ಮನೆ. ಬಾಗಿಲ ಬೆಲ್ಲಿನ ಪಟ್ಟಿಯಲ್ಲಿ ಹತ್ತಾರು ಹೆಸರುಗಳ ನಡುವೆ ಇದರದ್ದೊಂದು ಚೀಟಿ. ನಾನು ಮುಟ್ಟಿದಾಗ ರಾತ್ರಿ ಹತ್ತೂವರೆ. ಹತ್ತರ ಮೇಲೆ ಬಂದರೆ 20 ಯೂರೋ ಹೆಚ್ಚು, ಉಳಿಯುವ ಪ್ರವಾಸಿಗರಿಗೆ ಹಾಕುವ ಸಿಟಿ ಟ್ಯಾಕ್ಸ್ ಬೇರೆ, ಎರಡೂ ನಗದೇ ಬೇಕು ಅಂದ ಕೌಂಟರಿನವ. ಬುಕಿಂಗ್ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು, ತಪ್ಪು ನನ್ನದು. ಆದರೆ ಪಾಸ್‌ಪೋರ್ಟನ್ನು ಬೆಳಿಗ್ಗೆ ಕೊಡುತ್ತೇನೆ ಎಂದು ಡ್ರಾಯರಿಗೆ ಹಾಕಲು ಹೋದಾಗ ಮಾತ್ರ ಬಿಡಲಿಲ್ಲ. ಇಟಲಿಯಲ್ಲಿ ಉಳಿಯುವವರ ವಿವರವನ್ನು ಪೊಲೀಸರಿಗೆ ಕಳಿಸಲೇಬೇಕು, ಅದಕ್ಕೆ ನೋಡಲಿ, ಬರೆದುಕೊಳ್ಳಲಿ. ಅಡವು ಇಟ್ಟಂತೆ ಇಟ್ಟುಕೊಳ್ಳುವುದು ಬೇರೆ. ನಿಂತೇ ಇದ್ದೆ, ಕೊಟ್ಟ.

ಲಾಕರ್ ಇತ್ತು, ಅದಕ್ಕೆ ಹಾಕುವ ಕೀಲಿ, ಅಂದರೆ ಬೀಗ, ನಾವೇ ಒಯ್ಯಬೇಕು. ಹುಬ್ಬಳ್ಳಿ ಪೇಟೆಯ ದುರ್ಗದಬೈಲಿನಲ್ಲಿ ಚೌಕಾಸಿ ಮಾಡಿ ತಂದಿದ್ದ ನನ್ನ ಕೀಲಿಯ ಕೊಂಡಿ ದಪ್ಪವಾಗಿ ಆ ಲಾಕರಿನ ಕಣ್ಣಿಗೆ ಹೋಗಲೇ ಇಲ್ಲ. ಬ್ಯಾಗನ್ನು ಮಂಚದ ಕೆಳಗೆ ತಳ್ಳಿ ಮಲಗಿದೆ. ಆ ರಾತ್ರಿಯ ದೊಡ್ಡ ತಪ್ಪು ಅದೇ.

ಎರಡನೇ ರಾತ್ರಿ ಎರಡು ಗಂಟೆಗೆ ಮುಂಗೈ ಉರಿದು ಎಚ್ಚರಾಯಿತು. ಮೂರು ಗುಳ್ಳೆ, ಗೆರೆ ಎಳೆದಂತೆ ಸಾಲಾಗಿ. ಸೊಳ್ಳೆ ಹೀಗೆ ಶಿಸ್ತಾಗಿ ಕಡಿಯುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿ ಹಾಸಿಗೆ ತಿರುವಿದೆ, ಏನೂ ಇಲ್ಲ. ಆಗ ನೆನಪಾದದ್ದು ನಮ್ಮಜ್ಜಿ. ಹೊರಸಿನ ಸಂದಿಗೆ ಕುದಿಯುವ ನೀರು ಹೊಯ್ಯುತ್ತ, "ತಗಣಿ ಹಾಸಿಗ್ಯಾಗ ಹುಡುಕಬ್ಯಾಡ್ರವಾ, ಸಂದಿನ್ಯಾಗ ನೋಡ್ರಿ" ಅನ್ನುತ್ತಿದ್ದಳು. ಮಂಚದ ಕಟ್ಟಿಗೆ ಕೂಡುವ ಮೂಲೆಗೆ, ಸ್ಕ್ರೂ ತೂತಿಗೆ ಬೆಳಕು ಬಿಟ್ಟೆ. ಸುತ್ತ ಪೆನ್ನಿನ ಮೊನೆ ಊರಿದಂಥ ಕಪ್ಪು ಚುಕ್ಕೆ. ಒಳಗೆ ಅಗಸಿ ಕಾಳಿನಷ್ಟು, ಅಗಸಿ ಬಣ್ಣದ್ದೇ, ಚಪ್ಪಟೆ. ಒಂದು ನಡೆಯಿತು.

ಕೌಂಟರಿನವ ಸೊಳ್ಳೆ ಅಂದ. ವಿಡಿಯೋ ತೋರಿಸಿದೆ. ಅದೇ ಕೋಣೆಯಲ್ಲಿ ಬೇರೆ ಹಾಸಿಗೆ ಕೊಡುತ್ತೇನೆ ಅಂದ, ದುಡ್ಡು ವಾಪಸ್ ಇಲ್ಲ. ನಾನು ಮಾಡಿದ ಒಂದೇ ಸರಿ ಕೆಲಸವೆಂದರೆ ಜಗಳ ಬಿಟ್ಟು, ಬುಕಿಂಗ್ ಆ್ಯಪಿನ ಮೆಸೇಜಿನಲ್ಲೇ ಫೋಟೋ, ವಿಡಿಯೋ ಹಾಕಿ ದೂರು ಬರೆದದ್ದು. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಮೂರು ವಾರದ ನಂತರ ಉಳಿಯದ ಎರಡು ರಾತ್ರಿಯ 68 ಯೂರೋ ಬಂತು. ಆದರೆ ಅದೇ ದಿನ ಹಿಡಿದ ಬೇರೆ ಹಾಸಿಗೆಗೆ ಎರಡು ರಾತ್ರಿಗೆ 110 ತೆತ್ತಿದ್ದೆ. ಲಾಂಡ್ರಿಯಲ್ಲಿ ಎಲ್ಲ ಬಟ್ಟೆ 60 ಡಿಗ್ರಿಗೆ ಒಗೆದು, ಬಿಸಿ ಡ್ರೈಯರಿಗೆ ಹಾಕಿದೆ. ತಗಣಿ ಸಾಯುವುದು ಬಿಸಿಗೆ, ಸೋಪಿಗಲ್ಲ. ಸ್ವೆಟರ್ ಪಕ್ಕದ ಮನೆ ಕೂಸಿನ ಅಳತೆಗೆ ಬಂತು.

ಬ್ಯಾಗನ್ನು ಯಂತ್ರಕ್ಕೆ ಹಾಕಲು ಬರುವುದಿಲ್ಲವಲ್ಲ. ಅದು ಹಾಗೇ ಮನೆಗೆ ಬಂತು. ವಾರದೊಳಗೆ ಅವ್ವನ ಕೈಮೇಲೆ ಸಾಲು ಗುಳ್ಳೆ. "ಮಂದಿ ಫಾರಿನ್ನಿಂದ ಚಾಕಲೇಟ್ ತರ್ತಾರ, ನಮ್ಮಾಕಿ ತಗಣಿ ತಂದಾಳ" ಅಂತ ಓಣಿಗೆಲ್ಲ ಹೇಳಿದಳು. ಔಷಧ ಹೊಡೆಯುವವರನ್ನು ಎರಡು ಸಲ ಕರೆಸಿದೆವು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ತತ್ತಿ ಒಡೆದು ಮತ್ತೆ ಬರುತ್ತವೆ.

ಹಾಸ್ಟೆಲ್‌ಗಳೇ ಬೇಡ ಅನ್ನುತ್ತಿಲ್ಲ. ಮುಂದೆ ಫ್ಲಾರೆನ್ಸಿನಲ್ಲಿ ಇಳಿದದ್ದೂ ಹಾಸ್ಟೆಲ್ಲೇ. ಕಬ್ಬಿಣದ ಮಂಚ, ರಾತ್ರಿಯಿಡೀ ಕೌಂಟರಿನಲ್ಲಿ ಜನ, ಅಡುಗೆಮನೆಯಲ್ಲಿ ನನ್ನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ರುಚಿ ನೋಡಿದ ಇಬ್ಬರು ಗೆಳತಿಯರು. ಅಲ್ಲಿ ಬ್ಯಾಗ್ ನೆಲಕ್ಕಿಡುವ ಮೊದಲು ಟಾರ್ಚ್ ಹಿಡಿದು ಮಂಚದ ಮೂಲೆ ನೋಡಿದೆ. ಅವರೂ ನಗಲಿಲ್ಲ, ತಾವೂ ನೋಡಿದರು.

ಫೋನ್ ಮಾಡಿದ್ದ ತಮ್ಮ ಈಗ 41 ಯೂರೋದ್ದು, ರದ್ದು ಮಾಡಲು ಬರುವಂಥದ್ದು ಬುಕ್ ಮಾಡಿದ್ದಾನೆ. ಹೊರಡುವ ಹಿಂದಿನ ವಾರ ಮತ್ತೆ ರಿವ್ಯೂ ಓದುತ್ತೇನೆ ಅಂದಿದ್ದಾನೆ. ನನ್ನ ಬ್ಯಾಗ್ ಮಾಳಿಗೆಯ ಮೇಲೆ ಬಿಸಿಲಿಗೆ ಬಿದ್ದಿದೆ, ಬೇಕೇನೋ ಎಂದು ಕೇಳಿದೆ.

"ಬ್ಯಾಡ ಬೇ ಅಕ್ಕಾ" ಅಂದ.